ಬರೆಯದೆ ಬಿಟ್ಟ ನುಡಿ

ನರೇಗಲ್ಲಿನಿಂದ ಗಜೇಂದ್ರಗಡಕ್ಕೆ ಹೋಗುವ ಮುಂಜಾನೆಯ ಮೋಟಾರಿನಲ್ಲಿ, ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕೂತು, ಗವಿಸಿದ್ದಪ್ಪ ಕಿಸೆಯಿಂದ ಆ ಕಾಗದವನ್ನು ಮತ್ತೆ ತೆಗೆದ. ಓದುವ ಅಗತ್ಯವಿರಲಿಲ್ಲ, ಮೂರು ದಿನದಲ್ಲಿ ಬಾಯಿಪಾಠವಾಗಿತ್ತು. ಆದರೂ ನೋಯುವ ಹಲ್ಲಿಗೆ ನಾಲಗೆ ತಾನಾಗಿ ಹೋಗುವ ಹಾಗೆ ಕೈ ಕಿಸೆಗೆ ಹೋಗುತ್ತಿತ್ತು. ಗಜೇಂದ್ರಗಡದ ನಾಡಹಬ್ಬದ ಸಂಘದವರು ಈ ದಸರೆಗೆ ಧಾರವಾಡದಿಂದ ಡಾಕ್ಟರ್ ಶ್ರೀಧರರಾಯರನ್ನು ಉಪನ್ಯಾಸಕ್ಕೆ ಕರೆಸಿದ್ದರು. ಅತಿಥಿಗಳ ಪರಿಚಯ ಮಾಡಿಕೊಡುವ ಕೆಲಸವನ್ನು ನರೇಗಲ್ಲಿನ ಕನ್ನಡ ಮಾಸ್ತರನಾದ ಗವಿಸಿದ್ದಪ್ಪನಿಗೆ ವಹಿಸಿದ್ದರು. ಇಂಥ ಸಭೆಗಳ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಅತಿಥಿ ತನ್ನ ಪರಿಚಯವನ್ನು ತಾನೇ ಬರೆಯುತ್ತಾನೆ, 'ಅವರು' 'ಅವರು' ಎಂದು ತನ್ನನ್ನು ತಾನೇ ಬಹುವಚನದಲ್ಲಿ ಕರೆದುಕೊಂಡು ಟಪಾಲಿಗೆ ಹಾಕುತ್ತಾನೆ. ಪರಿಚಯ ಮಾಡುವವನು ಅದನ್ನು ತನ್ನ ಸ್ವಂತ ಮಾತೆಂಬಂತೆ ಓದುತ್ತಾನೆ. ಅತಿಥಿ ಪಕ್ಕದ ಕುರ್ಚಿಯಲ್ಲಿ ಕೂತು, ಹೊಗಳಿಕೆ ಈಗಷ್ಟೇ ಕಿವಿಗೆ ಬಿತ್ತೆಂಬಂತೆ ತಲೆ ತಗ್ಗಿಸುತ್ತಾನೆ. ಶ್ರೀಧರನೂ ಹಾಗೇ ಬರೆದು ಕಳಿಸಿದ್ದ. ನರಗುಂದದ ವಿದ್ವಾಂಸರ ಮನೆತನದಲ್ಲಿ ಜನಿಸಿದ ಅವರು. ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಸಮಾನ ಪಾಂಡಿತ್ಯವುಳ್ಳ ಅವರು. ಬಯಲಾಟಗಳೇ ಅವರ ಸಂಶೋಧನೆಯ ಮುಖ್ಯ ಆಸಕ್ತಿ. ಏಳು ವರ್ಷ ರೋಣ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಬರಿಗಾಲಿನಿಂದ ಅಲೆದು, ಇನ್ನೂರು ವರ್ಷ ಹಿಂದಿನ ಅಜ್ಞಾತ ಕವಿಯ 'ಗೌಡತಿಯ ಆಟ'ವನ್ನು ಬೆಳಕಿಗೆ ತಂದು ಡಾಕ್ಟರೇಟ್ ಪಡೆದರು. ಯಾವಗಲ್ಲಿನಲ್ಲಿ ಚೇಳು ಕಡಿದ ರಾತ್ರಿಯೂ ಅವರ ಲೇಖನಿ ನಿಲ್ಲಲಿಲ್ಲ.

ಆ ಚೇಳು ಕಡಿದದ್ದು ಗವಿಸಿದ್ದಪ್ಪನಿಗೆ. ಎಡಗಾಲಿನ ಹಿಮ್ಮಡಿಗೆ, ಯಾವಗಲ್ಲಿನ ಫಕೀರವ್ವನ ದನದ ಕೊಟ್ಟಿಗೆಯಲ್ಲಿ, ಹಾಡು ಬರೆದುಕೊಳ್ಳಲು ಹೋಗಿದ್ದಾಗ. ಲೇಖನಿ ನಿಲ್ಲಲಿಲ್ಲವಂತೆ. ಅವನು ಆ ರಾತ್ರಿ ಎಲ್ಲ ಕೂಸಿನ ಹಾಗೆ ಅತ್ತಿದ್ದ, ಆ ಮುದುಕಿ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆಳಗಿನ ತನಕ ಉಳ್ಳಾಗಡ್ಡಿ ತಿಕ್ಕಿದ್ದಳು. ಆಮೇಲೆ ಎಂದೋ ಧಾರವಾಡದಲ್ಲಿ, ಆಗ ಗೆಳೆಯನಾಗಿದ್ದ ಶ್ರೀಧರನ ಖೋಲಿಯಲ್ಲಿ ಹಚ್ಚಿದ ಅವಲಕ್ಕಿ ತಿನ್ನುತ್ತ, ನಗಿಸಲಿಕ್ಕೆಂದು ಇದನ್ನು ಹೇಳಿದ್ದ. ಶ್ರೀಧರ ನಕ್ಕಿದ್ದ, ನಕ್ಕು ಎತ್ತಿಟ್ಟುಕೊಂಡಿದ್ದ. ಆಟ ಕದ್ದ, ಹೋಗಲಿ. ಏಳು ವರ್ಷದ ಅಲೆದಾಟ ಕದ್ದ, ಅದೂ ಹೋಗಲಿ. ಕಡೆಗೆ ಚೇಳನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಎಂದು ಗವಿಸಿದ್ದಪ್ಪ ಕಾಗದವನ್ನು ಮಡಚಿ ಕಿಸೆಗೆ ತುರುಕಿದ. ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಅವನ ಮುಖ ನೋಡಿ ಬುಟ್ಟಿಯನ್ನು ತನ್ನತ್ತ ಸರಿಸಿಕೊಂಡಳು. ಹೊರಗೆ ಎರೆಯ ಹೊಲಗಳಲ್ಲಿ ಕೂರಿಗೆ ಹೊಡೆಯುತ್ತಿದ್ದರು.

ಒಂದು ವಾರದ ಮಾತು, ಓದಿ ಕೊಡತೀನಿ ಎಂದು ಶ್ರೀಧರ ಆ ನೋಟುಪುಸ್ತಕ ಒಯ್ದದ್ದು ನಲವತ್ತೊಂದನೆಯ ಇಸವಿಯಲ್ಲಿ. ಕೆಂಪು ಖಾದಿಯ ರಟ್ಟು ಹಾಕಿ ಗವಿಸಿದ್ದಪ್ಪ ತನ್ನ ಕೈಯಿಂದಲೇ ಹೊಲಿದ ಪುಸ್ತಕ. ಆ ವಾರ ಎಂಟು ವರ್ಷವಾಯಿತು. ನಲವತ್ತೊಂಬತ್ತರಲ್ಲಿ ಪ್ರಬಂಧ ಅಚ್ಚಾಗಿ ಬಂದಾಗ ಅವನು ಮೊದಲು ತೆರೆದದ್ದು ಮುನ್ನುಡಿ. ಅದರಲ್ಲಿ ಗುರುಗಳಿಗೆ, ಮಾವನವರಿಗೆ, ಮುದ್ರಣಾಲಯದವರಿಗೆ, ಮೊಳೆ ಜೋಡಿಸಿದವರಿಗೆ ಎಲ್ಲರಿಗೂ ಹೆಸರು ಹಿಡಿದು ವಂದನೆ ಇತ್ತು. ಕೊನೆಯ ಸಾಲಿನಲ್ಲಿ 'ಪ್ರತಿ ಮಾಡುವ ಕೆಲಸದಲ್ಲಿ ನೆರವಾದ ಗ್ರಾಮಾಂತರದ ಶಿಕ್ಷಕರೊಬ್ಬರಿಗೂ' ಎಂದಿತ್ತು. ಒಬ್ಬರಿಗೂ. ಆ 'ಊ'ಕಾರವನ್ನು ಅವನು ಆರು ವರ್ಷದಿಂದ ಜಗಿಯುತ್ತಿದ್ದ. ತರಗತಿಯಲ್ಲಿ ಹುಡುಗರ ಶುದ್ಧಬರಹ ತಿದ್ದುವಾಗ ಜಗಿಯುತ್ತಿದ್ದ, ಊಟಕ್ಕೆ ಕೂತಾಗ ಜಗಿಯುತ್ತಿದ್ದ. ಹೆಂಡತಿ ರೇಣವ್ವ ಒಮ್ಮೆ ರೊಟ್ಟಿ ಬಡಿಯುತ್ತ, ಅದೊಂದು ಆಟದ ಪುಸ್ತಕಕ್ಕೆ ಎಷ್ಟು ದಿನ ಹೊಟ್ಟಿ ಸುಟ್ಟುಕೊಳ್ಳುತ್ತೀರಿ, ಮತ್ತೊಂದು ಬರೆಯಬಾರದೆ ಎಂದಿದ್ದಳು. ಅವನು ತಾಟು ಸರಿಸಿ ಎದ್ದುಹೋಗಿದ್ದ. ಮತ್ತೊಂದು ಬರೆಯಲು ಅವನ ಕೈ ಏಳುತ್ತಿರಲಿಲ್ಲ. ಕೈಯೇನೋ ಚಲೋ ಕೈ. ಗವಿಸಿದ್ದಪ್ಪ ಮಾಸ್ತರನ ಅಕ್ಷರವೆಂದರೆ ರೋಣ ತಾಲೂಕಿಗೇ ಹೆಸರಾದ ಅಕ್ಷರ. ಲಗ್ನಪತ್ರಿಕೆ, ಮಾನಪತ್ರ, ಸಾಲೆಯ ಬೋರ್ಡು ಯಾವುದಿದ್ದರೂ ಅವನನ್ನೇ ಕರೆಯುತ್ತಿದ್ದರು. ಮಾನಪತ್ರಗಳಲ್ಲಿ ಊರವರ ಹೆಸರುಗಳನ್ನು ಮುತ್ತು ಪೋಣಿಸಿದಂತೆ ಬರೆದು ಬರೆದು, ಅವನ ಹೆಸರು ಮಾತ್ರ ಎಲ್ಲೂ ಬರದೆ ಉಳಿದಿತ್ತು. ಇವತ್ತು ಸಂಜೆ ಆ ಬಾಕಿ ತೀರುತ್ತದೆ ಎಂದುಕೊಂಡ.

ಗಜೇಂದ್ರಗಡದಲ್ಲಿ ಇಳಿದಾಗ ಬಿಸಿಲು ಗುಡ್ಡದ ಮೇಲಿನ ಕೋಟೆಗೋಡೆಯಿಂದ ಜಾರಿ ಪೇಟೆಗೆ ಬಂದಿತ್ತು. ಸಂಘದ ಅಧ್ಯಕ್ಷ ಶಿವನಪ್ಪ ಸಾಲೆಯ ಅಂಗಳದಲ್ಲಿ ಚಪ್ಪರ ಕಟ್ಟಿಸುತ್ತಿದ್ದವನು, ಬಂದ ಕೂಡಲೇ ಅವನ ಕೈಯಲ್ಲಿ ಖಡು ಕೊಟ್ಟು, ವೇದಿಕೆಯ ಹಿಂದಿನ ಕರಿಹಲಗೆಯ ಮೇಲೆ ಕಾರ್ಯಕ್ರಮ ಬರೆಯಲು ಹೇಳಿದ. ಬೇಡ ಎನ್ನಲಾಗಲಿಲ್ಲ. 'ಉಪನ್ಯಾಸ: ಡಾಕ್ಟರ್ ಶ್ರೀಧರರಾವ. ವಿಷಯ: ನಮ್ಮ ಬಯಲಾಟಗಳ ಪ್ರಾಚೀನತೆ' ಎಂದು ಗೇಣುದ್ದದ ಅಕ್ಷರದಲ್ಲಿ ಬರೆದ. ವೈರಿಯ ಹೆಸರೆಂದು ಕೈ ಕಂಜೂಸಿ ಮಾಡಲಿಲ್ಲ, ದುಂಡಗೆ ಬಂತು. 'ಪ್ರಾಚೀನತೆ' ಎಂದು ಬರೆಯುವಾಗ ಅವನಿಗೆ ನಗೆ ಬಂತು, ನಗೆಯ ಹಿಂದೆಯೇ ಒಂದು ಅಳುಕೂ ಬಂತು, ಅದನ್ನು ಖಡುವಿನ ಪುಡಿಯ ಜತೆಗೆ ಅಂಗೈಯಿಂದ ಒರೆಸಿಕೊಂಡ. ಪರಿಚಯದಲ್ಲಿ ತಮ್ಮದೂ ಒಂದೆರಡು ಮಾತು ಸೇರಿಸಿರಿ ಮಾಸ್ತರ, ಬರೇ ಓದಬ್ಯಾಡ್ರಿ ಎಂದು ಶಿವನಪ್ಪ ಹೇಳಿದ. ಸೇರಿಸುತ್ತೇನೆ ಎಂದು ಗವಿಸಿದ್ದಪ್ಪ ಅಂದ.

ಅಲ್ಲಿಂದ ಅವನು ಹೊರಟದ್ದು ಪಿಂಜಾರ ಲಾಡಸಾಬನ ಮನೆಗೆ, ಗುಡ್ಡದ ಬುಡದ ಓಣಿಯಲ್ಲಿ ಮೂರನೆಯ ಮನೆ. ಹತ್ತು ಹೆಜ್ಜೆ ದೂರದಿಂದಲೇ ಹತ್ತಿ ಹಿಂಜುವ ಬಿಲ್ಲಿನ ತಂತಿಯ ಸಪ್ಪಳ ಕೇಳಿ ಅವನ ಕಾಲು ತಾನಾಗಿ ನಿಧಾನವಾಯಿತು. ಈ ಓಣಿಗೆ ಬಂದು ಹದಿನೈದು ವರ್ಷ ಮೀರಿತ್ತು. ಗಜೇಂದ್ರಗಡದ ಸಂತೆಗೆ ಬಂದರೂ ಸುತ್ತು ಹಾಕಿ ಹೋಗುತ್ತಿದ್ದ. ಲಾಡಸಾಬ ಒಳಗೆ ಹತ್ತಿಯ ಗುಡ್ಡೆಯ ನಡುವೆ ಕೂತು ಯಾರದೋ ಹಳೆಯ ಗಾದಿಯ ಹತ್ತಿಯನ್ನು ಹಿಂಜುತ್ತಿದ್ದ. ಹುಬ್ಬಿನ ಮೇಲೆ ಕೂತದ್ದು ಹತ್ತಿಯೋ ಹುಬ್ಬೇ ಬೆಳ್ಳಗಾಗಿದೆಯೋ ಮೊದಲು ತಿಳಿಯಲಿಲ್ಲ. ಮೂವತ್ತೊಂಬತ್ತರ ಬೇಸಿಗೆಯ ರಜೆಯಲ್ಲಿ ಇದೇ ಜಾಗದಲ್ಲಿ ಗವಿಸಿದ್ದಪ್ಪ ನಲವತ್ತು ದಿನ ಕೂತಿದ್ದ. ಲಾಡಸಾಬ ಅಕ್ಷರ ಬಲ್ಲವನಲ್ಲ. ಮೈದುನರು ಹೊಲದಾಸೆಗೆ ಬಾವಿಗೆ ನೂಕಿದ ಗೌಡತಿ, ಆ ಬಾವಿಯ ನೀರಿನೊಳಗಿಂದಲೇ ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಕೊಲ್ಲುವ ಆಟವನ್ನು ಅವನು ಹತ್ತಿ ಹಿಂಜುತ್ತಲೇ ಕಟ್ಟಿದ್ದ, ಹಿಂಜುತ್ತಲೇ ಹೇಳುತ್ತಿದ್ದ. ಬಿಲ್ಲಿನ ಏಟೇ ತಾಳ. ಇವನು ಕೆಮ್ಮುತ್ತ, ಮಸಿಯ ದೌತಿಯೊಳಗೆ ಬಿದ್ದ ಹತ್ತಿಯ ಎಳೆಗಳನ್ನು ಟಾಕಿನ ಮುಳ್ಳಿನಿಂದ ತೆಗೆಯುತ್ತ ಬರೆದುಕೊಳ್ಳುತ್ತಿದ್ದ. ದಿನಾ ಮಧ್ಯಾಹ್ನ ಲಾಡಸಾಬನ ಹೆಂಡತಿ ಹೊನ್ನೂರಬಿ ಇಬ್ಬರಿಗೂ ಕಟಿರೊಟ್ಟಿ, ಶೇಂಗಾಚಟ್ನಿ ಕೊಡುತ್ತಿದ್ದಳು. ನಲವತ್ತನೆಯ ದಿನ ಆಟ ಮುಗಿದು ಕಡೆಯ ನುಡಿ ಬಂತು.

ಆಟ ಕಟ್ಟಿದವನು ಕಡೆಯ ನುಡಿಯಲ್ಲಿ ತನ್ನ ಊರು, ತನ್ನ ಹೆಸರು ಹೇಳಿ, ನೆರೆದ ಜನರನ್ನೇ ದೈವವೆಂದು ಕರೆದು ಶರಣೆನ್ನುವುದು ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದು. ಎಷ್ಟೋ ಜನ ಕರ್ತೃಗಳ ಹೆಸರು ಲೋಕಕ್ಕೆ ಗೊತ್ತಿರುವುದು ಆ ನಾಲ್ಕು ಸಾಲಿನಿಂದ ಮಾತ್ರ. ಲಾಡಸಾಬ ಬಿಲ್ಲನ್ನು ಕೆಳಗಿಟ್ಟು, ತಲೆಗೆ ಸುತ್ತಿದ್ದ ವಸ್ತ್ರ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಅದನ್ನು ಹಾಡಿದ. ಗವಿಸಿದ್ದಪ್ಪ ಬರೆಯಲಿಲ್ಲ. ಬರೆಯದೆ ಇದ್ದದ್ದಕ್ಕೆ ಆಗ ಅವನು ತನಗೆ ತಾನೇ ಹೇಳಿಕೊಂಡ ಕಾರಣ, ಮಸಿ ಮುಗಿದಿತ್ತೆಂಬುದು. ಖರೇ ಕಾರಣ ಬೇರೆ. ಅವನು ಹುಡುಕಿಕೊಂಡು ಹೊರಟದ್ದು ಹಳೆಯದನ್ನು. ಬದುಕಿದ್ದವನು ಕಟ್ಟಿದ್ದು ಸಂಶೋಧನೆಯಾಗುವುದಿಲ್ಲ. ಕರ್ತೃ ಸತ್ತಿರಬೇಕು, ಇಲ್ಲವೇ ಇರಲೇಬಾರದು. ಓಣಿಯ ಪಿಂಜಾರ, ನಿನ್ನೆ ಮೊನ್ನೆ ಕಟ್ಟಿದ್ದು ಎಂದು ಬರೆದರೆ ಯಾವ ಪಂಡಿತ ತಲೆಯೆತ್ತಿ ನೋಡುತ್ತಾನೆ. ಆ ಸಂಜೆ ಮನೆಗೆ ಹೋಗಿ, ದೀಪ ಹಚ್ಚುವ ಮುಂಚೆ, ತನ್ನ ಮುತ್ತಿನಂಥ ಅಕ್ಷರದಲ್ಲಿ ಕೊನೆಯ ಪುಟದ ಮೇಲೆ ಮೂರು ವಾಕ್ಯ ಬರೆದ. ಇಲ್ಲಿಗೆ ಆಟ ಸಂಪೂರ್ಣ. ಕರ್ತೃ ಯಾರೆಂದು ತಿಳಿಯದು. ಹೇಳಿದವರು ಬಲ್ಲಂತೆ ಇನ್ನೂರು ವರ್ಷಕ್ಕೂ ಹಿಂದಿನದು. ಶ್ರೀಧರ ಅದನ್ನು ನಂಬಿ, ಆ ಇನ್ನೂರು ವರ್ಷದ ಮೇಲೆ ನಾನೂರು ಪುಟದ ಪ್ರಬಂಧ ಕಟ್ಟಿದ್ದ. ಈಗ ಬುಡದ ಆ ಒಂದು ಕಲ್ಲು ಎಳೆದರೆ ಸಾಕು. ಆ ಮೂರು ವಾಕ್ಯದ ಪುಟ ಇನ್ನೂ ಇರಲಿಕ್ಕಿಲ್ಲ ಎಂದು ಗವಿಸಿದ್ದಪ್ಪ ಧೈರ್ಯ ತಂದುಕೊಂಡಿದ್ದ. ಅಚ್ಚಾದ ಮೇಲೆ ಹಸ್ತಪ್ರತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ, ಅದರಲ್ಲೂ ಕದ್ದದ್ದನ್ನು. ಒಲೆಗೆ ಹೋಗಿರಬೇಕು.

"ಬರ್ರಿ ಮಾಸ್ತರ," ಎಂದ ಲಾಡಸಾಬ, ಬಿಲ್ಲು ನಿಲ್ಲಿಸದೆ. "ದಾರಿ ತಪ್ಪಿ ಬಂದ್ರೇನು?"

ಗವಿಸಿದ್ದಪ್ಪ ನಕ್ಕಂತೆ ಮಾಡಿ ಹೊಸ್ತಿಲ ಮೇಲೆ ಕೂತ. ಹೊನ್ನೂರಬಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ತಿಳಿಯಿತು. ತನಗೆ ಸುದ್ದಿಯೇ ಮುಟ್ಟಲಿಲ್ಲ ಎಂದ. ಅದು ಸುಳ್ಳು, ಮುಟ್ಟಿತ್ತು. ಮಾತು ತಿರುಗಿ ತಿರುಗಿ ಆಟಕ್ಕೆ ಬಂತು. ಪುಸ್ತಕವಾಗಿದೆಯೆಂದು ಸಾಲೆಯ ಹುಡುಗರು ಹೇಳಿದರು, ಖರೇ ಏನು ಎಂದು ಲಾಡಸಾಬ ಕೇಳಿದ. ಖರೇ, ಧಾರವಾಡದವನೊಬ್ಬ ತನ್ನಿಂದ ನೋಟುಪುಸ್ತಕ ಒಯ್ದು ತನ್ನದೇ ಎಂದು ಅಚ್ಚು ಹಾಕಿಸಿದ್ದಾನೆ, ಇವತ್ತು ಸಂಜೆ ಅವನೇ ಬರುತ್ತಾನೆ ಎಂದು ಗವಿಸಿದ್ದಪ್ಪ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಲಾಡಸಾಬ ಎಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿದ.

"ಕಡೀ ನುಡಿ ಐತೇನ್ರಿ ಅದರಾಗ?"

"ಇಲ್ಲ." ಗವಿಸಿದ್ದಪ್ಪ ಹೊಸ್ತಿಲು ನೋಡಿದ. "ಅಂವಾ ತಗದಾನ. ಆ ಧಾರವಾಡದಾಂವ."

ಬಿಲ್ಲು ನಿಂತಿತು. ಲಾಡಸಾಬ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಮುದುಕನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಏನೋ ಎಣಿಸುತ್ತಿದ್ದ ಹಾಗಿತ್ತು. "ಹೌದ್ರಿ?" ಎಂದ, ಅಷ್ಟೇ. ಆಮೇಲೆ ಸಂಜೆ ಬಂದು ಹಾಡುತ್ತೇನೆ, ನನ್ನ ಹೆಸರು ನಾನು ಹೇಳಲಿಕ್ಕೆ ಯಾರ ಅಪ್ಪಣೆ ಬೇಕು ಎಂದು ಮತ್ತೆ ಬಿಲ್ಲು ಎತ್ತಿಕೊಂಡ. ಓಣಿಯಿಂದ ಹೊರಗೆ ಬರುವಾಗ ಗವಿಸಿದ್ದಪ್ಪನ ಅಂಗಿಯ ತೋಳಿಗೆ ಹತ್ತಿಯ ಎಳೆ ಹತ್ತಿತ್ತು. ಜಾಡಿಸಿದರೂ ಬಿಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ಎದೆ ಚುರುಕ್ಕೆಂದಿತು, ಆದರೆ ಆ ಚುರುಕಿಗಿಂತ ಹಸಿವೆ ದೊಡ್ಡದಿತ್ತು. ಶ್ರೀಧರ ಮಣ್ಣು ಮುಕ್ಕುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಬೇಕಾದರೆ ಈ ಮುದುಕನ ಕಾಲಿಗೆ ಬಿದ್ದರಾಯಿತು ಎಂದುಕೊಂಡ. ಮೊದಲು ಸೇಡು, ಆಮೇಲೆ ಪಾಪದ ವಿಚಾರ. ಪೇಟೆಯ ಹೋಟೆಲಿನಲ್ಲಿ ಎರಡು ಕಪ್ಪು ಚಹ ಕುಡಿದು, ಹೇಳಬೇಕಾದ ಮಾತುಗಳನ್ನು ತುಟಿ ಅಲ್ಲಾಡಿಸದೆ ಮೂರು ಸಲ ಹೇಳಿ ನೋಡಿದ.

ಶ್ರೀಧರರಾಯ ಬಂದದ್ದು ಐದು ಗಂಟೆಗೆ, ಶಿವನಪ್ಪ ಗದಗಿಗೆ ಕಳಿಸಿದ್ದ ಬಾಡಿಗೆ ಕಾರಿನಲ್ಲಿ. ಕರಿಯ ಕೋಟು, ಇಸ್ತ್ರಿಯ ಧೋತರ, ಕೈಯಲ್ಲಿ ತೊಗಲಿನ ಚೀಲ. ಗವಿಸಿದ್ದಪ್ಪ ಮನಸ್ಸಿನಲ್ಲಿ ಕಳ್ಳನ ಮುಖವೊಂದನ್ನು ಬರೆದುಕೊಂಡಿದ್ದ. ಬಂದವನಿಗೆ ಆ ಮುಖವೇ ಇರಲಿಲ್ಲ. ತುಸು ದಪ್ಪಾಗಿ, ಕಿವಿಯ ಹತ್ತಿರ ನರೆತು, ಸಾಲ ಕೊಟ್ಟು ಮರೆತವನ ಹಾಗೆ ನಿಶ್ಚಿಂತನಾಗಿದ್ದ. "ಏನಪಾ ಗವಿಸಿದ್ದ, ಇನ್ನೂ ನರೇಗಲ್ಲದಾಗ ಇದ್ದೀಯೇನು?" ಎಂದು ಹೆಗಲ ಮೇಲೆ ಕೈಯಿಟ್ಟ. ಆ 'ಇನ್ನೂ' ಮುನ್ನುಡಿಯ 'ಒಬ್ಬರಿಗೂ'ವಿನ ಪಕ್ಕದಲ್ಲಿ ಹೋಗಿ ಕೂತಿತು. ಹೌದ್ರಿ ಎಂದ ಗವಿಸಿದ್ದಪ್ಪ, ಅಂದ ಮೇಲೆ ಆ 'ರಿ'ಗೆ ನಾಲಗೆ ಕಚ್ಚಿಕೊಂಡ. ಧಾರವಾಡದ ಆ ಖೋಲಿಯಲ್ಲಿ ಒಬ್ಬರಿಗೊಬ್ಬರು ನೀನು ಅಂದವರು, ಈಗ ಅವನು ಏಕವಚನದಲ್ಲೇ ಉಳಿದ, ತಾನು ಬಹುವಚನಕ್ಕೆ ಜಾರಿದ. ಯಾರೂ ಹೇಳಿಕೊಟ್ಟಿರಲಿಲ್ಲ. ನಾಲಗೆಗೇ ತನ್ನ ಯೋಗ್ಯತೆ ಗೊತ್ತಿತ್ತು. ಶ್ರೀಧರ ಕರಿಹಲಗೆಯನ್ನು ನೋಡಿ, ಅಕ್ಷರ ಹಂಗ ಇಟ್ಟೀಪಾ ಎಂದು ಮೆಚ್ಚಿದ. ಗವಿಸಿದ್ದಪ್ಪನಿಗೆ ಒಂದು ಕ್ಷಣ ಖುಷಿಯಾಯಿತು, ಖುಷಿಯಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಂಗಳ ತುಂಬಿತ್ತು. ಮುಂದೆ ಬೆಂಚುಗಳ ಮೇಲೆ ವಕೀಲರು, ಮಾಸ್ತರರು, ಪೇಟೆಯ ಸಾವಕಾರರು. ಹಿಂದೆ ನೆಲದ ಮೇಲೆ ನೇಕಾರರು, ರೈತರು, ಓಣಿಯ ಹೆಂಗಸರು. ಪ್ರಾರ್ಥನೆ, ಸ್ವಾಗತ ಮುಗಿದು ಗವಿಸಿದ್ದಪ್ಪನ ಹೆಸರು ಕರೆದರು. ಅವನು ಕಾಗದ ಹಿಡಿದು ನಿಂತ. ಮನೆತನ, ಪಾಂಡಿತ್ಯ, ಆಸಕ್ತಿ ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದ. ಶ್ರೀಧರ ರೂಢಿಯಂತೆ ತಲೆ ತಗ್ಗಿಸಿದ್ದ. ಚೇಳಿನ ಸಾಲು ಬಂತು. ಅದನ್ನು ನಿಧಾನವಾಗಿ ಓದಿ, ಕಾಗದ ಮಡಚಿ ಕಿಸೆಗಿಟ್ಟುಕೊಂಡು, ಅತಿಥಿಯ ಕಡೆಗೆ ತಿರುಗಿದ. "ಯಾವ ಕಾಲಿಗೆ ಕಡೀತ್ರಿ ರಾಯರ, ಎಡಕ್ಕೋ ಬಲಕ್ಕೋ?"

ಜನ ನಕ್ಕರು. ವಿನೋದವೆಂದುಕೊಂಡರು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಶ್ರೀಧರ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅದನ್ನು ಗವಿಸಿದ್ದಪ್ಪ ನೋಡಿದ. ಹದಿನಾಲ್ಕು ವರ್ಷದಲ್ಲಿ ಅಂಥ ಸುಖ ಅವನಿಗೆ ಆಗಿರಲಿಲ್ಲ. ಬೆನ್ನ ಹುರಿಯಿಂದ ಬೆಚ್ಚಗೆ ಏನೋ ಏರಿ ದನಿಗೆ ಬಂತು. ಇನ್ನೂರು ವರ್ಷದ ಹಿಂದಿನ ಅಜ್ಞಾತ ಕವಿ ಎಂದು ಡಾಕ್ಟರರು ಬರೆದಿದ್ದಾರೆ, ಆ ಕವಿ ಸತ್ತಿಲ್ಲ, ಹುಟ್ಟಿ ಇನ್ನೂ ಎಪ್ಪತ್ತು ವರ್ಷವಾಗಿಲ್ಲ, ಇವತ್ತು ಮಧ್ಯಾಹ್ನ ಗಾದಿಯ ಹತ್ತಿ ಹಿಂಜುತ್ತ ಕೂತಿದ್ದ, ಈಗ ಈ ಅಂಗಳದಲ್ಲೇ ಕೂತಿದ್ದಾನೆ, ಅವನ ಆಟದ ಕಡೆಯ ನುಡಿಯನ್ನು ಡಾಕ್ಟರರು ತೆಗೆದುಹಾಕಿದ್ದಾರೆ ಎಂದ. ಲಾಡಸಾಬ ಹಿಂದಿನಿಂದ ಎದ್ದು, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಬಂದ. ತೊಳೆದ ಅಂಗಿ ತೊಟ್ಟಿದ್ದ. ಯಾರ ಮುಖವನ್ನೂ ನೋಡದೆ, ಕಣ್ಣು ಮುಚ್ಚಿ ಹಾಡಿದ.

ಗುಡ್ಡದ ಬುಡದಾಗ ಗುಡಿಸಲ ನಂದವ್ವಾ
ಹತ್ತಿ ಹಿಂಜಿದ ಕೈಲೆ ಹಾಡ ಹಿಂಜೀನಿ
ತಪ್ಪಿದ್ದ ತಿದ್ದರಿ ಕೂಡಿದ ದೈವಾ
ಹೆಸರ ಕೇಳಿದರ ನಾ ಲಾಡಸಾಬಾ

ಕೊನೆಯ ಸಾಲನ್ನು ಹಿಂದೆ ನೆಲದ ಮೇಲೆ ಕೂತವರೆಲ್ಲ ಎತ್ತಿಕೊಂಡರು. ಅವರಿಗೆ ಇದು ಹೊಸದಲ್ಲ, ವರ್ಷಾ ವರ್ಷಾ ಆಟದ ಕೊನೆಗೆ ಬೆಳಗಿನ ಜಾವ ಕೇಳಿದ್ದೇ. ಬೆಂಚಿನ ಮೇಲಿನವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಶ್ರೀಧರರಾಯ ಚಷ್ಮಾ ತೆಗೆದು ಒರೆಸಿದ. ಮುಗಿಯಿತು ಎಂದುಕೊಂಡ ಗವಿಸಿದ್ದಪ್ಪ. ಈಗ ಇವನು ತೊದಲುತ್ತಾನೆ, ಬೆವರುತ್ತಾನೆ, ನೀರು ಕೇಳುತ್ತಾನೆ. ಶ್ರೀಧರ ಎದ್ದ. ಸಾಹೇಬರು ಚೆನ್ನಾಗಿ ಹಾಡಿದರು ಎಂದು ಕೈಮುಗಿದ. ಹಳೆಯ ಆಟಗಳಿಗೆ ಹಾಡುವವರು ತಂತಮ್ಮ ಹೆಸರು ಸೇರಿಸುವುದುಂಟು, ಹೆಸರು ಇದ್ದ ಮಾತ್ರಕ್ಕೆ ಕರ್ತೃವಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಆಗದೆಯೂ ಇಲ್ಲ, ಇದನ್ನು ತೀರ್ಮಾನ ಮಾಡುವುದು ಮೂಲ ಪ್ರತಿ ಎಂದ. ತೊಗಲಿನ ಚೀಲ ತೆರೆದು ಕೆಂಪು ಖಾದಿಯ ರಟ್ಟಿನ ನೋಟುಪುಸ್ತಕ ಹೊರಗೆ ತೆಗೆದ. ಉಪನ್ಯಾಸಕ್ಕೆ ಹೋದಲ್ಲೆಲ್ಲ ಜನರಿಗೆ ತೋರಿಸಲು ಅದನ್ನು ಒಯ್ಯುತ್ತಿದ್ದನಂತೆ. ಕದ್ದವನು ಕದ್ದ ಮಾಲನ್ನು ಧಣಿಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆಂಬುದು ಗವಿಸಿದ್ದಪ್ಪನಿಗೆ ಹೊಳೆದೇ ಇರಲಿಲ್ಲ.

ಮೊದಲು ಆದದ್ದು ಹೆದರಿಕೆಯಲ್ಲ, ಆಸೆ. ಹದಿನಾಲ್ಕು ವರ್ಷದ ಮೇಲೆ ತನ್ನ ಪುಸ್ತಕ ಕಂಡಿತ್ತು. ಕಸಿದುಕೊಂಡು ಮೂಸಿ ನೋಡಬೇಕೆನಿಸಿತು. ಮೂಲೆಯಲ್ಲಿ ತಾನು ಹಾಕಿದ ಸೂಜಿಹೊಲಿಗೆ ಹಾಗೇ ಇತ್ತು. ತೆರೆದ ಪುಟದಲ್ಲಿ ಮಸಿಯೊಳಗೆ ಸಿಕ್ಕು ಒಣಗಿದ ಹತ್ತಿಯ ಎಳೆ ಸಹ ಕಾಣುತ್ತಿತ್ತು. ಶ್ರೀಧರ ಕೊನೆಯ ಪುಟ ತಿರುಗಿಸಿ ಆ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಓದಿದ. ಆಮೇಲೆ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದು ನಾ ಬರದದ್ದಲ್ಲ. ಬರದವ್ರು ಹೆಂಗ ಬರದಾರ, ಹಂಗ ನಾ ಅಚ್ಚು ಹಾಕಿಸೀನಿ. ಗವಿಸಿದ್ದಪ್ಪಾ, ದೈವದ ಮುಂದ ಹೇಳಿಬಿಡು. ಇದು ನಿನ್ನ ಅಕ್ಷರ ಹೌದೋ ಅಲ್ಲೋ?"

ಹೌದು ಎನ್ನಬೇಕಿತ್ತು. ಹೌದು ಎನ್ನುವುದಕ್ಕಾಗಿಯೇ ಅವನು ಇಷ್ಟು ವರ್ಷ ಬದುಕಿದ್ದ. ಆ ಪುಸ್ತಕ ನನ್ನದು, ಅಲೆದವನು ನಾನು, ಬರೆದವನು ನಾನು, ಚೇಳು ಕಡಿದದ್ದು ನನಗೆ ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಾಗಿಯೇ. ಆದರೆ ಆ ಅಕ್ಷರ ತನ್ನದೆಂದರೆ ಆ ಮೂರು ವಾಕ್ಯವೂ ತನ್ನವೇ. ಕರ್ತೃ ಯಾರೆಂದು ತಿಳಿಯದು ಎಂದು ಬರೆದವನು ತಾನೇ. ಡಾಕ್ಟರೇಟು ಉರುಳಬಹುದು, ಉರುಳಲಿ, ಆದರೆ ಮೂರು ಮೊಳ ದೂರದಲ್ಲಿ ತೊಳೆದ ಅಂಗಿ ತೊಟ್ಟು ಲಾಡಸಾಬ ನಿಂತಿದ್ದ. ಮಧ್ಯಾಹ್ನ ಅವನ ಹೊಸ್ತಿಲ ಮೇಲೆ ಕೂತು, ಅಂವಾ ತಗದಾನ ಎಂದು ಹೇಳಿ ಇನ್ನೂ ಆರು ತಾಸು ಆಗಿರಲಿಲ್ಲ. ಶ್ರೀಧರ ಕಾಯುತ್ತಿದ್ದ, ಅವನ ಮುಖದಲ್ಲಿ ಜಯವೂ ಇರಲಿಲ್ಲ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಕೇಳಿದ ಮಾಸ್ತರನ ಸಹನೆ ಇತ್ತು.

"ಅಲ್ಲ," ಎಂದ ಗವಿಸಿದ್ದಪ್ಪ.

ಅಂದ ಕೂಡಲೇ ಮುಂದಿನ ಬೆಂಚಿನವರ ಕಣ್ಣು ನೋಟುಪುಸ್ತಕದಿಂದ ಎದ್ದು ಅವನ ತಲೆಯ ಮೇಲೆ ಹಾದು ಹಿಂದೆ ಹೋದವು. ಅವರು ಏನು ನೋಡುತ್ತಿದ್ದಾರೆಂದು ಅವನಿಗೆ ತಿರುಗದೆಯೇ ತಿಳಿಯಿತು. ಕರಿಹಲಗೆಯ ಮೇಲೆ ಅದೇ ಅಕ್ಷರ, ಅದೇ ದುಂಡಗಿನ ತಲೆಕಟ್ಟು, ಗೇಣುದ್ದವಾಗಿ, ಬೆಳ್ಳಗೆ ನಿಂತಿತ್ತು. ಶಿವನಪ್ಪ ಪುಸ್ತಕ ನೋಡಿದ, ಹಲಗೆ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡತೊಡಗಿದ. ಒಬ್ಬನಾದರೂ ಸುಳ್ಳ ಎಂದು ಕೂಗಿದ್ದರೆ ಅವನಿಗೆ ಜಗಳ ಮಾಡಲು ಒಂದು ಮುಖ ಸಿಗುತ್ತಿತ್ತು. ಶ್ರೀಧರರಾಯ ಪುಸ್ತಕ ಮುಚ್ಚಿ, ಧೂಳು ಕೊಡವಿ, ಚೀಲದೊಳಗೆ ಇಟ್ಟ.

"ಹಂಗಾದ್ರ ಬರದವನೂ ಗೊತ್ತಿಲ್ಲ, ಕಟ್ಟಿದವನೂ ಗೊತ್ತಿಲ್ಲ. ಅಚ್ಚು ಹಾಕಿಸಿದವ ನಾ ಒಬ್ಬ ಉಳದೆ," ಎಂದು ನಕ್ಕು, ಉಪನ್ಯಾಸ ಸುರು ಮಾಡಿದ. ಒಂದು ತಾಸು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಬಾವಿಯೊಳಗಿಂದ ಹೆಸರು ಹಿಡಿದು ಕೂಗುವ ಗೌಡತಿಯ ಭಾಗವನ್ನು ವಿವರಿಸುವಾಗ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಗವಿಸಿದ್ದಪ್ಪ ಕುರ್ಚಿಯಲ್ಲಿ ಕೂತು ಕೇಳಿದ. ಎಡಗಾಲಿನ ಹಿಮ್ಮಡಿ ಒಂದೇ ಸವನೆ ಜುಮುಜುಮು ಅನ್ನುತ್ತಿತ್ತು. ಅದೂ ಈಗ ತನ್ನದೆಂದು ಹೇಳಿಕೊಳ್ಳುವಂತಿರಲಿಲ್ಲ.

ಸಭೆ ಮುಗಿದು ಜನ ಎಲೆ ಅಡಿಕೆ ತೆಗೆದುಕೊಂಡು ಕರಗಿದರು. ಆ ಸಂಘದಲ್ಲಿ ಇನ್ನೊಂದು ರೂಢಿಯಿತ್ತು. ವೇದಿಕೆ ಏರಿದವರೆಲ್ಲ ಹೋಗುವ ಮುಂಚೆ ಅಭಿಪ್ರಾಯದ ಪುಸ್ತಕದಲ್ಲಿ ಎರಡು ಸಾಲು ಬರೆದು, ಕೆಳಗೆ ಹೆಸರು ಹಾಕಬೇಕು. ಶ್ರೀಧರರಾಯ ತನ್ನ ಫೌಂಟನ್ ಪೆನ್ನಿನಿಂದ ಬರೆದು, ಪುಸ್ತಕವನ್ನು ಗವಿಸಿದ್ದಪ್ಪನ ಮುಂದೆ ಸರಿಸಿದ. ಸರಿಸಿ ಹೋಗಲಿಲ್ಲ. ಚಷ್ಮಾದ ಮೇಲಿನಿಂದ ನೋಡುತ್ತ ಅಲ್ಲೇ ನಿಂತ. ಲಾಡಸಾಬ ವೇದಿಕೆಯ ಅಂಚಿನಲ್ಲಿ, ಇವನಿಗೆ ಬೆನ್ನು ಮಾಡಿ, ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ ಕೂತಿದ್ದ. ಶಿವನಪ್ಪ ದೌತಿ, ಟಾಕು ತಂದು ಇಟ್ಟ, ಮುಖ ನೋಡದೆ. ಗವಿಸಿದ್ದಪ್ಪ ಟಾಕು ಅದ್ದಿದ. ಬೆರಳುಗಳು ತಮ್ಮ ಅಭ್ಯಾಸದಂತೆ ಒಂದು ದುಂಡಗಿನ 'ಕ' ಬರೆಯಲು ಬಾಗಿದವು. ಅವನು ಅವುಗಳನ್ನು ತಡೆದ. ಟಾಕನ್ನು ಮುಷ್ಟಿಯಲ್ಲಿ ಸೊಟ್ಟಗೆ ಹಿಡಿದು, ಒಂದನೆಯ ಇಯತ್ತೆಯ ಹುಡುಗರ ಹಾಗೆ ಒಂದೊಂದೇ ಅಕ್ಷರ ಕೆತ್ತತೊಡಗಿದ. ಕಾರ್ಯಕ್ರಮ ಚಲೋ ಆಯಿತು ಎಂದು ಬರೆಯಬೇಕಿತ್ತು. ಟಾಕಿನ ಮುಳ್ಳು ಅಡ್ಡವಾಗಿ ಕಾಗದ ಪರಚಿ ಕಿರ್ ಕಿರ್ ಎಂದಿತು. ಶ್ರೀಧರ ಅರ್ಧ ಸಾಲು ನೋಡಿ, ಚೀಲ ಎತ್ತಿಕೊಂಡು ಕಾರಿನ ಕಡೆ ನಡೆದ.

"ಈ ಸಪ್ಪಳ ನನಗ ಗುರ್ತೈತ್ರಿ ಮಾಸ್ತರ," ಎಂದ ಲಾಡಸಾಬ, ತಿರುಗದೆ. "ನಲವತ್ತ ದಿನ ಕೇಳೇನಿ. ಅವತ್ತ ಕಡೀ ನುಡಿ ಹೇಳುಮುಂದ ಬಿಲ್ಲ ಕೆಳಗಿಟ್ಟಿದ್ದೆ. ಮನಿ ಗಪ್ ಚಿಪ್ ಇತ್ತು. ಟಾಕಿನ ಸಪ್ಪಳ ಬರಲಿಲ್ಲ."

ಗವಿಸಿದ್ದಪ್ಪನ ಕೈ ನಿಂತಿತು. ಹದಿನಾರು ವರ್ಷ. ಮಧ್ಯಾಹ್ನ ಮುದುಕನ ಕಣ್ಣು ಎಣಿಸುತ್ತಿದ್ದದ್ದು ಏನೆಂದು ಈಗ ತಿಳಿಯಿತು. ಕಾಲಿಗೆ ಬೀಳಬೇಕೆಂದುಕೊಂಡಿದ್ದ. ಆದರೆ ಆ ಬೆನ್ನಿಗೆ ಹೇಗೆ ಬೀಳುವುದೆಂದು ತಿಳಿಯಲಿಲ್ಲ.

"ಬರೀರಿ, ನಿಂದರಬ್ಯಾಡ್ರಿ," ಎಂದ ಲಾಡಸಾಬ. "ನಿಮ್ಮ ಹೆಸರು ಹಾಕೂತನಕ ನಾ ಕುಂತ ಕೇಳತೇನಿ."

ಕೆಳಗೆ ಹೆಸರು ಬರೆಯುವುದು ಉಳಿದಿತ್ತು. ಗವಿಸಿದ್ದಪ್ಪ ಮತ್ತೆ ಟಾಕು ಅದ್ದಿ, ಮುಷ್ಟಿ ಬಿಗಿಹಿಡಿದು, ತನ್ನದಲ್ಲದ ಅಕ್ಷರದಲ್ಲಿ ತನ್ನ ಹೆಸರು ಬರೆದ.